ಸಂತೆಯ ಮಡಚುವ ಚಾಕು: ಹೊಳಪು ಬಿಡಿ, ಆಣಿ ನೋಡಿ

ಗಡಿಭಾಗದ ಯಾವ ವಾರದ ಸಂತೆಗೆ ಹೋದರೂ ಒಂದು ಮೂಲೆಯಲ್ಲಿ ತಾಡಪತ್ರಿ ಹಾಸಿ ಬೀಗ, ಬಾಚಣಿಗೆ, ಟಾರ್ಚ್, ಉಗುರು ಕತ್ತರಿ ಹರವಿಕೊಂಡು ಕುಳಿತ ವ್ಯಾಪಾರಿ ಇದ್ದೇ ಇರುತ್ತಾನೆ. ಅವನ ಮುಂದೆ ಒಂದು ಸಾಲು ಮಡಚುವ ಚಾಕುಗಳು. ಜತ್ತ, ಅಕ್ಕಲಕೋಟೆಯ ಕಡೆ ನಾವು ಇದನ್ನು ಬರೀ ಚಾಕು ಎನ್ನುತ್ತೇವೆ. ಹೊಸೂರು, ತಾಳವಾಡಿಯ ತಮಿಳರ ಬಾಯಲ್ಲಿ ಇದು ಪೇನಾಕತ್ತಿ, ಕಾಸರಗೋಡಿನ ಮಲಯಾಳದಲ್ಲಿಯೂ ಪೇನಾಕತ್ತಿಯೇ. ಗರಿಯ ಲೇಖನಿಗೆ ಮೊನೆ ಕೊಡಲು ಇಂಥ ಪುಟ್ಟ ಚಾಕು ಬಳಸುತ್ತಿದ್ದ ಕಾಲದ ಹೆಸರು ಅದು. ಲೇಖನಿ ಹೋಗಿ ಶತಮಾನ ಕಳೆದರೂ ಹೆಸರು ಉಳಿದಿದೆ.

ಈಗ ಅದರ ಕೆಲಸ ಬೇರೆ. ಗೊಬ್ಬರದ ಚೀಲದ ಸುತಳಿ ಕೊಯ್ಯಬೇಕು, ಡ್ರಿಪ್ ಪೈಪಿನ ತುಂಡು ಕತ್ತರಿಸಬೇಕು, ಬದುವಿನ ಮೇಲೆ ಕುಳಿತು ಉಳ್ಳಾಗಡ್ಡಿ ಹೆಚ್ಚಬೇಕು, ಕಾಲಿಗೆ ನಟ್ಟ ಜಾಲಿಮುಳ್ಳು ಎತ್ತಬೇಕು, ಎತ್ತಿನ ಕೊರಳಿಗೆ ಬಿಗಿದುಕೊಂಡ ಹಗ್ಗವನ್ನು ಥಟ್ಟನೆ ಹರಿಯಬೇಕು. ಕುಡುಗೋಲು ಮನೆಯಲ್ಲಿ ಇರುತ್ತದೆ, ಚಾಕು ಕಿಸೆಯಲ್ಲಿ ಇರುತ್ತದೆ. ವ್ಯತ್ಯಾಸ ಇಷ್ಟೇ.

ಆದರೆ ಇದನ್ನು ಕೊಳ್ಳುವ ರೀತಿ ನೋಡಿದರೆ ಆಶ್ಚರ್ಯವಾಗುತ್ತದೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು, ಬೀಜ ಕೊಳ್ಳುವಾಗ ಚೀಟಿ ಓದುವವರು, ಚಾಕು ಕೊಳ್ಳುವಾಗ ಮಾತ್ರ ಹೊಳಪು ನೋಡಿ ದುಡ್ಡು ಕೊಟ್ಟು ಎದ್ದುಬಿಡುತ್ತಾರೆ. ವ್ಯಾಪಾರಿ ಒಂದು ವೃತ್ತಪತ್ರಿಕೆಯ ಹಾಳೆ ಹಿಡಿದು ಸರ್ರನೆ ಸೀಳಿ ತೋರಿಸುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಎರಡು ವಾರದಲ್ಲಿ ಅದೇ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, ತಿಂಗಳಿಗೆ ಅಲಗು ಗಡಗಡ ಅಲ್ಲಾಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒತ್ತಿ ಕೆಲಸ ಮಾಡುವಾಗ ಅದು ಮಡಚಿಕೊಂಡು ನಾಲ್ಕು ಬೆರಳಿನ ಮೇಲೆ ಕೂರುತ್ತದೆ. ಬೆರಳಿನ ಒಳಬದಿಯಲ್ಲಿ ಬೆರಳನ್ನು ಮಡಚುವ ನರದಂಥ ಹುರಿಗಳು ಚರ್ಮದ ಕೆಳಗೇ ಇವೆ. ಅದರಲ್ಲೊಂದು ಕತ್ತರಿಸಿದರೆ ಶಸ್ತ್ರಚಿಕಿತ್ಸೆ ಇಲ್ಲದೆ ಬೆರಳು ಮತ್ತೆ ಮಡಚುವುದಿಲ್ಲ. ಹಾಲು ಕರೆಯುವ, ಕಳೆ ಕೀಳುವ ಕೈಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಇನ್ನೂರು ರೂಪಾಯಿಯ ಒಳಗಿನ ಚಾಕುವಿನಲ್ಲಿ ಒಳ್ಳೆಯದು ಇರಲು ಸಾಧ್ಯವೇ? ಸಾಧ್ಯ. ಅಗ್ಗದ ಚಾಕುವೇ ಕಳಪೆ ಚಾಕು ಎಂಬುದು ತಪ್ಪು ಲೆಕ್ಕ.

ಅಗ್ಗವಾಗಿಯೂ ಹೆಸರು ಮಾಡಿದವು

ಹೊರದೇಶದ ಮೂರು ಚಾಕುಗಳನ್ನು ಇಲ್ಲಿ ನೆನೆಯಬೇಕು. ಮೂರೂ ಹುಟ್ಟಿದ್ದು ರೈತರು, ಕೂಲಿಕಾರರು, ಶಾಲೆಯ ಮಕ್ಕಳಂಥ ಸಾಮಾನ್ಯರಿಗಾಗಿ.

ಫ್ರಾನ್ಸಿನ ಸವಾಯ್ ಎಂಬ ಗುಡ್ಡಗಾಡು ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ಒಂದು ಚಾಕು ಮಾಡಿದರು. ಕೊಡಲಿ, ಕುಡುಗೋಲು ಬಡಿಯುವ ಮನೆತನ ಅವರದು. ಒಂದು ಮರದ ಹಿಡಿ, ಒಂದು ಅಲಗು, ಒಂದು ಆಣಿ, ಒಂದು ಲೋಹದ ಉಂಗುರ, ಇಷ್ಟೇ ಸಾಮಾನು. 1955ರಲ್ಲಿ ಅದಕ್ಕೆ ತಿರುಗುವ ಇನ್ನೊಂದು ಉಂಗುರ ಸೇರಿತು. ಅಲಗು ತೆರೆದ ಮೇಲೆ ಆ ಉಂಗುರ ತಿರುಗಿಸಿದರೆ ಅದರ ಸೀಳು ಮುಚ್ಚುತ್ತದೆ, ಅಲಗು ಹಿಂದಕ್ಕೆ ಬರಲು ದಾರಿಯೇ ಇರುವುದಿಲ್ಲ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಲಾಕ್ ಇನ್ನೊಂದನ್ನು ಹುಡುಕುವುದು ಕಷ್ಟ. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ.

ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಇನ್ನೂ ಸರಳ. ತಗಡು ಮಡಚಿದ ಹಿಡಿ, ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಬುಡದಲ್ಲಿ ಒಂದು ಪುಟ್ಟ ಬಾಲ ಹೊರಗೆ ಚಾಚಿರುತ್ತದೆ, ಹೆಬ್ಬೆರಳು ಅದನ್ನು ಒತ್ತಿ ಹಿಡಿದಿರುವ ತನಕ ಅಲಗು ಮಡಚಲಾರದು. ಶಾಲೆಯ ಮಕ್ಕಳು ಪೆನ್ಸಿಲ್ ಕೆತ್ತಲು ಇದನ್ನೇ ಒಯ್ಯುತ್ತಿದ್ದರು. 1960ರಲ್ಲಿ ಟೋಕಿಯೊದ ಸಭೆಯೊಂದರಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮಾ ಅವರನ್ನು ಹದಿಹರೆಯದವನೊಬ್ಬ ಇರಿದು ಕೊಂದ. ಅವನ ಕೈಯಲ್ಲಿ ಇದ್ದದ್ದು ಮಡಚುವ ಚಾಕು ಅಲ್ಲ, ಗಿಡ್ಡ ಖಡ್ಗ. ಆದರೂ ಮಕ್ಕಳ ಕೈಯಿಂದ ಚಾಕು ಕಿತ್ತುಕೊಳ್ಳುವ ಚಳವಳಿಯೇ ಎದ್ದಿತು. ಹಲವಾರು ಇದ್ದ ತಯಾರಕರಲ್ಲಿ ಆ ಹೆಸರಿನ ಹಕ್ಕು ಉಳಿಸಿಕೊಂಡು ಬಂದದ್ದು ಕೊನೆಗೆ ಒಂದೇ ಮನೆ.

ಮೂರನೆಯದು 1929ರಲ್ಲಿ ಫ್ರಾನ್ಸಿನ ತಿಯೆರ್ ಪಟ್ಟಣದಲ್ಲಿ ಬಂದ ಡೂಕ್‌ಡೂಕ್. ಹಿಡಿ ಮಡಚಿದ ತಗಡು, ನಮ್ಮ ಸಂತೆಯ ಚಾಕುವಿನ ಅಣ್ಣನಂತೆ ಕಾಣುತ್ತದೆ. ಲಾಕ್ ಇಲ್ಲ, ಆದರೆ ಸ್ಪ್ರಿಂಗ್ ಎಷ್ಟು ಬಿಗಿ ಎಂದರೆ ತೆರೆಯಲು ಉಗುರಿಗೆ ನೋವಾಗುತ್ತದೆ.

ಮೂರನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ. ಇವುಗಳಲ್ಲಿ ಹಣ ಹೋಗಿರುವುದು ಮೂರೇ ಜಾಗಕ್ಕೆ: ಅಲಗಿನ ಉಕ್ಕು, ಅದರ ಹದ, ಆಣಿಯ ಬಿಗಿ. ಹಿಡಿಗೆ, ಅಲಂಕಾರಕ್ಕೆ, ಡಬ್ಬಿಗೆ ಖರ್ಚು ಮಾಡಿಲ್ಲ. ಕಳಪೆ ಚಾಕುವಿನಲ್ಲಿ ಇದು ತಿರುಗುಮುರುಗಾಗಿರುತ್ತದೆ. ಹಿಡಿಯ ಮೇಲೆ ಹದ್ದಿನ ಚಿತ್ರ, ಅಲಗಿನ ಮೇಲೆ ಕನ್ನಡಿಯ ಹೊಳಪು, ಒಳಗೆ ಎರಡು ಕಾಸಿನ ಆಣಿ.

ಕೈಯಲ್ಲಿ ಹಿಡಿದ ಮೇಲೆ

ಮೊದಲು ಆಣಿ. ಚಾಕು ಪೂರ್ತಿ ತೆರೆಯಿರಿ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯ ಎರಡು ಬೆರಳಿನಲ್ಲಿ ಅಲಗಿನ ಬೆನ್ನಿನ ಕಡೆಯಿಂದ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸ ಚಾಕುವಿನಲ್ಲಿಯೇ ಟಕಟಕ ಎಂದರೆ ಅಲ್ಲಿಯೇ ಇಟ್ಟುಬಿಡಿ. ಆಮೇಲೆ ಮೇಲೆ ಕೆಳಗೆ. ಅಡ್ಡ ಅಲುಗಾಟವನ್ನು ಆಣಿಯ ತಲೆಗೆ ಸಣ್ಣ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟು ಸ್ವಲ್ಪ ಸರಿಪಡಿಸಬಹುದು. ಮೇಲೆ ಕೆಳಗೆ ಅಲ್ಲಾಡಿದರೆ ಅಲಗಿನ ತೂತೇ ಆಣಿಗಿಂತ ದೊಡ್ಡದು ಎಂದು ಅರ್ಥ, ಅದಕ್ಕೆ ಮದ್ದಿಲ್ಲ. ಅತಿ ಬಿಗಿಯಾದ ಚಾಕುವಿಗೆ ಹೆದರಬೇಡಿ. ಎರಡು ಹನಿ ಎಣ್ಣೆ ಬಿಟ್ಟು ಐವತ್ತು ಸಲ ತೆರೆದು ಮುಚ್ಚಿದರೆ ಹದಕ್ಕೆ ಬರುತ್ತದೆ. ಸಡಿಲು ಮಾತ್ರ ತಾನಾಗಿ ಬಿಗಿಯಾಗುವುದಿಲ್ಲ.

ಎರಡನೆಯದು ಹಿಂಬದಿಯ ಸ್ಪ್ರಿಂಗ್ ಪಟ್ಟಿ. ಹೆಚ್ಚಿನ ಸಂತೆ ಚಾಕುಗಳಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವುದು ಇದೊಂದೇ. ಇದು ಲಾಕ್ ಅಲ್ಲ. ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚಿನ ಬಲ ಬೆನ್ನಿನ ಕಡೆಯಿಂದ ಬಿದ್ದರೆ ಅಲಗು ಮಡಚಿಯೇ ಮಡಚುತ್ತದೆ. ಒಳ್ಳೆಯ ಸ್ಪ್ರಿಂಗ್ ಇರುವ ಚಾಕು ತೆರೆದಾಗಲೂ ಮುಚ್ಚಿದಾಗಲೂ ಟಕ್ ಎಂದು ಸ್ಪಷ್ಟ ಸದ್ದು ಮಾಡುತ್ತದೆ. ಮುಚ್ಚುವಾಗ ಕೊನೆಯ ಕಾಲು ಭಾಗವನ್ನು ಅಲಗು ತಾನೇ ಎಳೆದುಕೊಂಡು ಒಳಗೆ ಹೋಗಬೇಕು. ಹಳೆಯ ಬಾಗಿಲಿನಂತೆ ಸೋಮಾರಿಯಾಗಿ ತೂಗಾಡಿದರೆ ಅದು ಕಿಸೆಯಲ್ಲಿಯೂ ಹಾಗೆಯೇ ತೂಗಾಡಿ ತೆರೆದುಕೊಳ್ಳುತ್ತದೆ. ಚಾಕು ತೆರೆದು ಬೆನ್ನಿನ ಮೇಲೆ ಉಗುರು ಓಡಿಸಿ ನೋಡಿ. ಪಟ್ಟಿ, ಅಲಗಿನ ಬೆನ್ನು ಒಂದೇ ಮಟ್ಟದಲ್ಲಿ ಸೇರಿದ್ದರೆ ಮಾಡಿದವನು ಗಮನ ಕೊಟ್ಟಿದ್ದಾನೆ. ಮೆಟ್ಟಿಲಿನಂತೆ ಎಡವಿದರೆ ಉಳಿದ ಕೆಲಸವೂ ಹಾಗೆಯೇ ಎಂದು ತಿಳಿಯಬಹುದು.

ಲಾಕ್ ಇದೆ ಎಂದು ಹೇಳಿ ಮಾರುವ ಚಾಕುವಾದರೆ ಮಾತು ನಂಬಬೇಡಿ, ಪರೀಕ್ಷಿಸಿ. ಹಿಡಿಯನ್ನು ಬೆರಳುಗಳು ಅಲಗಿನ ದಾರಿಗೆ ಅಡ್ಡ ಬಾರದಂತೆ ಎರಡು ಬದಿಯಿಂದ ಹಿಡಿಯಿರಿ. ಅಲಗಿನ ಬೆನ್ನನ್ನು ಯಾವುದಾದರೂ ಮರದ ತುಂಡಿನ ಮೇಲೆ ನಿಧಾನವಾಗಿ ಒತ್ತಿ, ಬಲ ಹೆಚ್ಚಿಸುತ್ತ ಹೋಗಿ. ಲಾಕ್ ಜಾರಿದರೆ ಆ ಚಾಕು ಲಾಕ್ ಇಲ್ಲದ್ದಕ್ಕಿಂತಲೂ ಅಪಾಯ, ಏಕೆಂದರೆ ಅದನ್ನು ನಂಬಿ ನೀವು ಜೋರಾಗಿ ಒತ್ತುತ್ತೀರಿ. ನನ್ನ ಅಭಿಪ್ರಾಯದಲ್ಲಿ ಕೆಟ್ಟ ಲಾಕಿಗಿಂತ ಬಿಗಿಯಾದ ಸ್ಪ್ರಿಂಗ್ ಮೇಲು. ಅದನ್ನು ಹಿಡಿದವನಿಗೆ ತಾನು ಎಚ್ಚರ ಇರಬೇಕು ಎಂಬುದಾದರೂ ಗೊತ್ತಿರುತ್ತದೆ.

ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಚಾಕು ಮಡಚಿ, ಹಿಡಿಯ ಸೀಳಿನ ಮೇಲೆ ನಿಮ್ಮ ಟವೆಲಿನ ತುದಿಯನ್ನು ಎಳೆಯಿರಿ. ಬೆರಳು ಬೇಡ. ಎಲ್ಲಿಯಾದರೂ ದಾರ ಸಿಕ್ಕಿದರೆ ಅಲಗಿನ ಮೊನೆ ಹೊರಗೆ ಇಣುಕುತ್ತಿದೆ. ಅಂಥ ಚಾಕು ಕಿಸೆ ಹರಿಯುತ್ತದೆ, ಆಮೇಲೆ ತೊಡೆಗೆ ಬರುತ್ತದೆ. ಇದರ ಜೊತೆಗೇ ಇನ್ನೊಂದು: ಒಂದು ಕಾಗದದ ಪಟ್ಟಿಯನ್ನು ಸೀಳಿನ ತಳದಲ್ಲಿ ಇಟ್ಟು ಚಾಕು ಮುಚ್ಚಿ, ಮತ್ತೆ ತೆರೆದು ಕಾಗದ ನೋಡಿ. ಮಧ್ಯದಲ್ಲಿ ಗೀರು ಬಿದ್ದಿದ್ದರೆ ಪ್ರತಿ ಸಲ ಮುಚ್ಚುವಾಗಲೂ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿಯುತ್ತಿದೆ. ನೀವು ಎಷ್ಟು ಸಾಣೆ ಹಿಡಿದರೂ ಆ ಜಾಗ ಮೊಂಡಾಗುತ್ತಲೇ ಇರುತ್ತದೆ.

ಉಕ್ಕಿನ ಮಾತು

ಇನ್ನು ಮುಖ್ಯ ವಿಷಯ. ಚಾಕು ಇಂದು ಹರಿತವಾಗಿರುವುದು ಸಾಣೆ ಹಿಡಿದವನ ಕೈಗುಣ. ಆ ಹರಿತ ನಾಳೆಯೂ ಉಳಿಯುವುದು ಉಕ್ಕಿನ ಗುಣ. ವ್ಯಾಪಾರಿಯ ಕಾಗದದ ಪರೀಕ್ಷೆ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ತಗಡಿನ ತುಂಡಿಗೂ ಸಾಣೆ ಹಿಡಿದರೆ ಅದು ಹತ್ತು ಹಾಳೆ ಸೀಳುತ್ತದೆ.

ಕಬ್ಬಿಣಕ್ಕೆ ಇಂಗಾಲ ಸೇರಿದಾಗ ಅದು ಗಟ್ಟಿಯಾಗುವ ಯೋಗ್ಯತೆ ಪಡೆಯುತ್ತದೆ. ಕಿಟಕಿಯ ಸರಳಿನಂಥ ಮೆದು ಕಬ್ಬಿಣದಲ್ಲಿ ಇಂಗಾಲ ಶೇಕಡ 0.25ಕ್ಕಿಂತ ಕಡಿಮೆ. ಚಾಕುವಿಗೆ ಬೇಕಾದದ್ದು ಸುಮಾರು ಶೇಕಡ 0.5ರಿಂದ 1ರವರೆಗೆ. ಅಂಥ ಉಕ್ಕನ್ನು 800 ಡಿಗ್ರಿಯ ಆಸುಪಾಸು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅಥವಾ ನೀರಿನಲ್ಲಿ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ. ಮರಾಠಿಯಲ್ಲಿ ಇದಕ್ಕೆ ಪಾಣಿ ದೇಣೆ ಎನ್ನುತ್ತಾರೆ. ಆದರೆ ಅಷ್ಟಕ್ಕೇ ಬಿಟ್ಟರೆ ಚಿಕ್ಕ ಪೆಟ್ಟಿಗೂ ಮುರಿಯುತ್ತದೆ. ಆದ್ದರಿಂದ ಮತ್ತೆ 200 ಡಿಗ್ರಿಯಷ್ಟು ಹಗುರವಾಗಿ ಕಾಯಿಸಿ ಹದಕ್ಕೆ ತರಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಆಗ ಒಣಹುಲ್ಲಿನ ಬಣ್ಣ ಮೂಡುತ್ತದೆ. ಲೋಹಾರ, ಕಮ್ಮಾರ, ಕೊಲ್ಲನ್, ಯಾವ ಭಾಷೆಯಲ್ಲಿ ಕರೆದರೂ ಒಲೆಯ ಮುಂದೆ ಕುಳಿತವನು ಕಾಯುವುದು ಆ ಬಣ್ಣಕ್ಕೇ. ಹಳೆಯ ಕಾಲದಲ್ಲಿ ದಕ್ಷಿಣ ಭಾರತದ ಮೂಸೆ ಉಕ್ಕು ದೂರದೇಶಗಳಿಗೆ ಹೋಗುತ್ತಿತ್ತು. ಅದಕ್ಕೆ ಇಂಗ್ಲಿಷರು ಕೊಟ್ಟ ವೂಟ್ಜ್ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಹೆಸರು ಕೊಟ್ಟ ನಾವೇ ಈಗ ಉಕ್ಕನ್ನು ಹೊಳಪಿನಿಂದ ಅಳೆಯುತ್ತೇವೆ!

ಸಂತೆಯಲ್ಲಿ ಕುಳಿತು ಇಂಗಾಲ ಅಳೆಯುವುದು ಹೇಗೆ? ಅಳೆಯಲಾಗದು, ಆದರೆ ಊಹಿಸಬಹುದು. ಹಳೆಯ ರೇಡಿಯೋ ಸ್ಪೀಕರಿನ ಒಂದು ಅಯಸ್ಕಾಂತದ ಚೂರು ಕಿಸೆಯಲ್ಲಿ ಇರಲಿ. ಅಲಗಿಗೆ ಅದು ಗಟ್ಟಿಯಾಗಿ ಅಂಟಬೇಕು. ಮನೆಯ ತಾಟು, ತಂಬಿಗೆ ಮಾಡುವ ಸ್ಟೀಲಿನಲ್ಲಿ ಅಯಸ್ಕಾಂತಕ್ಕೆ ಅಂಟದ ಬಗೆಗಳಿವೆ. ಅವನ್ನು ಎಷ್ಟು ಕಾಯಿಸಿ ಅದ್ದಿದರೂ ಗಡುಸಾಗುವುದಿಲ್ಲ. ಅಂಥ ಅಲಗು ಬೆಣ್ಣೆ ಹಚ್ಚಲು ಸರಿ. ಅಂಟಿತು ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ, ಮೆದು ಕಬ್ಬಿಣವೂ ಅಂಟುತ್ತದೆ. ಅಂಟದಿದ್ದರೆ ಮಾತ್ರ ತೀರ್ಪು ಖಚಿತ.

ಮೆದು ಕಬ್ಬಿಣ ಹಿಡಿಯಲು ಅರ ಬೇಕು. ನಮ್ಮ ಕಡೆ ಕಾನಸು ಎಂದರೂ ತಿಳಿಯುತ್ತದೆ. ಅಲಗಿನ ಬುಡದಲ್ಲಿ, ಬಾಯಿ ಶುರುವಾಗುವ ಜಾಗದಲ್ಲಿ, ಹಗುರವಾಗಿ ಒಂದು ಸಲ ಎಳೆಯಿರಿ. ಕಟ್ಟಿಗೆ ಕಚ್ಚಿದಂತೆ ಕಚ್ಚಿಕೊಂಡು ಪುಡಿ ಉದುರಿದರೆ ಹದ ಕೊಟ್ಟಿಲ್ಲ. ಗಾಜಿನ ಮೇಲೆ ಓಡಿದಂತೆ ಜಾರಿದರೆ ಅತಿ ಗಡುಸು. ಕಷ್ಟಪಟ್ಟು ಸ್ವಲ್ಪವೇ ಕಚ್ಚಿದರೆ ಸರಿಯಾದ ಹದ. ವ್ಯಾಪಾರಿ ಇದಕ್ಕೆ ಒಪ್ಪಲಿಕ್ಕಿಲ್ಲ, ಅದೂ ನ್ಯಾಯವೇ, ಅವನ ಸರಕಿಗೆ ಗೀರು ಬೀಳುತ್ತದೆ. ಒಂದು ಕೊಂಡು, ಮನೆಯಲ್ಲಿ ನೋಡಿ, ಚೆನ್ನಾಗಿದ್ದರೆ ಅದೇ ಗುರುತಿನ ಇನ್ನೆರಡು ತರುವುದು ಜಾಣತನ.

ಅಲಗಿನ ಬಾಯಿಯ ಉದ್ದಕ್ಕೂ ಕಣ್ಣು ಹಾಯಿಸಿ. ಅಂಚಿನಲ್ಲಿ ನೀಲಿ ಅಥವಾ ನೇರಳೆ ಛಾಯೆ ಕಂಡರೆ ಸಾಣೆಯ ಚಕ್ರದ ಬಿಸಿಗೆ ಉಕ್ಕು ಸುಟ್ಟಿದೆ. ಸುಮಾರು 300 ಡಿಗ್ರಿ ಕಾದಾಗ ಬರುವ ಬಣ್ಣ ಅದು. ಒಳ್ಳೆಯ ಉಕ್ಕಾದರೂ ಆ ಅಂಚು ಮೆತ್ತಗಾಗಿರುತ್ತದೆ. ಸುಟ್ಟದ್ದು ತೆಳುವಾಗಿ ಮೇಲೆ ಮಾತ್ರ ಇದ್ದರೆ ಎರಡು ಮೂರು ಸಲ ಸಾಣೆಕಲ್ಲಿಗೆ ಹಿಡಿದ ಮೇಲೆ ಚಾಕು ತನ್ನ ನಿಜವಾದ ಗುಣ ತೋರಿಸುತ್ತದೆ. ಹೊಸದರಲ್ಲಿ ಸಪ್ಪೆ ಎನಿಸಿದ ಚಾಕು ತಿಂಗಳ ಮೇಲೆ ಚೆನ್ನಾಗಿ ಕೊಯ್ಯುವುದಕ್ಕೆ ಕಾರಣ ಇದು. ಅಲಗು ಬಾಯಿಯ ಹತ್ತಿರ ತೆಳ್ಳಗಿರಬೇಕು ಎಂಬುದನ್ನೂ ಮರೆಯಬೇಡಿ. ಕೊಡಲಿಯಂತೆ ದಪ್ಪ ಬಿಟ್ಟು ತುದಿಯಲ್ಲಿ ಮಾತ್ರ ಉಜ್ಜಿದ ಅಲಗು ಉಳ್ಳಾಗಡ್ಡಿಯನ್ನು ಕೊಯ್ಯುವುದಿಲ್ಲ, ಒಡೆಯುತ್ತದೆ.

‘ಸ್ಟೇನ್‌ಲೆಸ್’, ‘ಜಪಾನ್’, ‘ಜರ್ಮನಿ’ ಎಂಬ ಅಚ್ಚುಗಳಿಗೆ ಬೆಲೆ ಕೊಡಬೇಡಿ. ಅಚ್ಚು ಒತ್ತಲು ಅಚ್ಚಿನ ಮೊಳೆ ಸಾಕು. ಕೆಂಪು ಹಿಡಿಯ, ಹತ್ತು ಹನ್ನೊಂದು ಉಪಕರಣಗಳ ಸ್ವಿಸ್ ನಕಲುಗಳಂತೂ ಮಕ್ಕಳ ಆಟಿಕೆಯೇ. ಅಷ್ಟು ಕಡಿಮೆ ದುಡ್ಡನ್ನು ಹನ್ನೊಂದು ಪಾಲು ಮಾಡಿದರೆ ಒಂದೊಂದಕ್ಕೆ ಬರುವುದೆಷ್ಟು? ಅದೇ ದುಡ್ಡಿಗೆ ಒಂದೇ ಅಲಗಿನ, ಮಂಕು ಬಣ್ಣದ, ಗುಂಡಿ ಗುರುತಿಲ್ಲದ ಚಾಕು ಸಿಕ್ಕರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ಇನ್ನೊಂದು ಉಪಾಯವೂ ಇದೆ. ವ್ಯಾಪಾರಿ ತನ್ನ ಗಂಟಿನ ಸುತಳಿ ಕತ್ತರಿಸಲು ಯಾವ ಚಾಕು ತೆಗೆಯುತ್ತಾನೆ ನೋಡಿ. ಅದು ಮಾರಾಟದ ಸಾಲಿನಲ್ಲಿ ಇದ್ದರೆ ಅದೇ ಜಾತಿಯದನ್ನು ಕೇಳಿ.

ಯಾವ ಸೀಮೆಗೆ ಯಾವುದು

ತುಕ್ಕು ಹಿಡಿಯುವ ಉಕ್ಕೋ, ಹಿಡಿಯದ ಉಕ್ಕೋ ಎಂಬುದು ಊರು ನೋಡಿ ಹೇಳಬೇಕಾದ ಮಾತು. ಸೋಲಾಪುರ, ಆದವಾನಿ, ರಾಯದುರ್ಗದ ಒಣ ಹವೆಯಲ್ಲಿ ಸಾದಾ ಇಂಗಾಲದ ಉಕ್ಕು ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಅದನ್ನು ಹರಿತ ಮಾಡುವುದೂ ಸುಲಭ, ಮನೆಯ ಕಲ್ಲೇ ಸಾಕು. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಅದೇ ಚಾಕು ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ. ಅಲ್ಲಿ ಒಳ್ಳೆಯ ಸ್ಟೇನ್‌ಲೆಸ್ ಸಿಕ್ಕರೆ ವಾಸಿ, ಆದರೆ ಅಗ್ಗದ ಸ್ಟೇನ್‌ಲೆಸ್ ಬಹುಪಾಲು ಮೆತ್ತಗಿರುತ್ತದೆ, ಪದೇ ಪದೇ ಸಾಣೆ ಬೇಡುತ್ತದೆ. ಹಸಿ ಅಡಕೆ, ಬಾಳೆ, ದಾಳಿಂಬೆ ಸಿಪ್ಪೆ ಕೊಯ್ದರೆ ಸಾದಾ ಉಕ್ಕಿನ ಅಲಗು ಕಪ್ಪಾಗುತ್ತದೆ. ಅವುಗಳ ಒಗರು ಕಬ್ಬಿಣದೊಂದಿಗೆ ಸೇರಿ ಬರುವ ಬಣ್ಣ ಅದು, ತುಕ್ಕಲ್ಲ, ಉಜ್ಜಿ ತೆಗೆಯುವ ಅಗತ್ಯವೂ ಇಲ್ಲ.

ಮರದ ಹಿಡಿ ಮಳೆಗೆ ಉಬ್ಬುತ್ತದೆ. ಹೆಸರುವಾಸಿಯಾದ ಒಪಿನೆಲ್ ಕೂಡ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಸವಾಯ್ ಸೀಮೆಯವರು ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರೆ. ತಗಡಿನ ಹಿಡಿ ಉಬ್ಬುವುದಿಲ್ಲ, ಆದರೆ ಅದರ ಅಂಚು ಅಂಗೈ ಕೊರೆಯುತ್ತದೆಯೇ ಎಂದು ಹಿಡಿದು ಒತ್ತಿ ನೋಡಬೇಕು. ಕೊರೆದರೆ ಅರದಿಂದ ನಾಲ್ಕು ಎಳೆತ ಸಾಕು.

ಎಣ್ಣೆಯ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ಜತ್ತ, ಸೋಲಾಪುರದ ಮನೆಗಳಲ್ಲಿ ಕೈಗೆ ಸಿಗುವುದು ಕುಸುಬಿ ಎಣ್ಣೆ. ಅದು ಗಾಳಿಗೆ ಆರಿ ಅಂಟಾಗುವ ಜಾತಿಯ ಎಣ್ಣೆ, ಆಣಿಗೆ ಬಿಟ್ಟರೆ ಕೆಲವು ವಾರದಲ್ಲಿ ಗೋಂದಿನಂತೆ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಹಾಗೆ ಆರುವುದಿಲ್ಲ, ಕರಾವಳಿಯಲ್ಲಿ ಅದು ಚೆನ್ನ. ಆದರೆ ನೀಲಗಿರಿಯ ಚಳಿಯಲ್ಲಿ ಅದು ಹೆಪ್ಪುಗಟ್ಟುತ್ತದೆ, 24 ಡಿಗ್ರಿಯ ಆಸುಪಾಸಿಗೇ ಗಟ್ಟಿಯಾಗುವ ಎಣ್ಣೆ ಅದು. ಎಲ್ಲ ಕಡೆಗೂ ನಡೆಯುವುದು ಹೊಲಿಗೆ ಯಂತ್ರದ ಎಣ್ಣೆ. ಅಲಗಿನಿಂದ ಹಣ್ಣು ಕೊಯ್ಯುವ ಮುಂಚೆ ಒರೆಸಿಕೊಂಡರಾಯಿತು.

ಕಾನೂನಿನ ಬಗ್ಗೆಯೂ ಕೇಳುವವರಿದ್ದಾರೆ, ಏಕೆಂದರೆ ನಮ್ಮವರು ದಿನಕ್ಕೆರಡು ಸಲ ರಾಜ್ಯದ ಗಡಿ ದಾಟುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಅದರಡಿಯ 2016ರ ನಿಯಮಗಳು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು. ಅದರಲ್ಲಿಯೂ ಮನೆ, ಕೃಷಿ ಕೆಲಸಕ್ಕೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ಮೂರು ಇಂಚಿನ ಕಿಸೆ ಚಾಕು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕು ಬೇಡವೇ ಬೇಡ. ಅದು ಪೊಲೀಸರ ಕಣ್ಣಿಗೆ ಬೀಳುವಂಥದ್ದು, ಕೆಲಸಕ್ಕೂ ಬಾರದ್ದು. ಕೋರ್ಟು, ಚುನಾವಣೆಯ ಮತಗಟ್ಟೆ, ದೊಡ್ಡ ಜಾತ್ರೆಯ ಬಂದೋಬಸ್ತಿನ ಕಡೆ ಹೋಗುವ ದಿನ ಚಾಕು ಮನೆಯಲ್ಲಿಯೇ ಇರಲಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ.

ಕೊಂಡ ಚಾಕುವನ್ನು ಮನೆಗೆ ತಂದ ದಿನವೇ ಒಮ್ಮೆ ಸಾಣೆ ಹಿಡಿಯಿರಿ. ಅಲಗಿನ ಬೆನ್ನು ಕಲ್ಲಿನಿಂದ ಎಷ್ಟು ಮೇಲಿರಬೇಕು ಎಂಬುದಕ್ಕೆ ಸುಲಭ ಅಳತೆ: ಹೆಬ್ಬೆರಳಿನಗಲದ ಅಲಗಿಗೆ ಮೂರು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಎರಡೂ ಬದಿ ಸಮನಾಗಿ ಉಜ್ಜಿ. ಆಮೇಲೆ ಸೆಣಬಿನ ಹಗ್ಗವನ್ನು ಇಪ್ಪತ್ತು ಸಲ ಕೊಯ್ದು, ತೊಳೆದು, ಹಣ್ಣು ಟೊಮೆಟೊ ಮೇಲೆ ಒತ್ತದೆ ಎಳೆಯಿರಿ. ಸಿಪ್ಪೆ ಹಿಡಿದು ಕೊಯ್ದರೆ ಉಕ್ಕಿನಲ್ಲಿ ಜೀವ ಇದೆ. ಜಾರಿದರೆ ಮುಂದಿನ ವಾರ ಅದೇ ತಾಡಪತ್ರಿಯ ಮುಂದೆ ಕುಳಿತು ಬದಲಿಸಿ ಕೊಡಲು ಕೇಳಿ. ಸಂತೆಗೆ ವಾರ ವಾರ ಬರುವ ವ್ಯಾಪಾರಿ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ, ಜಾತ್ರೆಗೆ ವರ್ಷಕ್ಕೊಮ್ಮೆ ಬರುವವನನ್ನು ಹುಡುಕುವುದು ಕಷ್ಟ.